ಸಂಪಾದಕರ ಉತ್ತರ: ಕೆಂಪು ಕುರ್ಚಿಯ ಹೆಣ್ಣುಮಗಳು ಮತ್ತು ಕತ್ತರಿಸಿಹೋದ ಕುಚ್ಚು

ಮಾನ್ಯರೇ,

ಕಳೆದ ಸಂಚಿಕೆಯ ಒಳರಕ್ಷಾಪುಟದಲ್ಲಿ ನಾವು ಅಚ್ಚು ಹಾಕಿದ್ದ, ಫ್ರಾನ್ಸಿನ ಪಾಲ್ ಸೆಜಾನ್ ಬರೆದ ‘ಕೆಂಪು ಕುರ್ಚಿಯಲ್ಲಿ ಮದಾಮ್ ಸೆಜಾನ್’ ಎಂಬ ಚಿತ್ರವನ್ನು ಕುರಿತು ನೀವು ಗದಗದಿಂದ ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿದೆ. ಪೂರ್ತಿ ಪತ್ರಕ್ಕೆ ಸ್ಥಳವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. 30 ವರ್ಷ ಹೊಲಿಗೆ ತರಗತಿ ನಡೆಸಿದ ನಿಮಗೆ ಈ ಚಿತ್ರ ಸ್ವಲ್ಪವೂ ಹಿಡಿಸಿಲ್ಲ. ಆ ಹೆಂಗಸಿನ ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ, ಮರದ ಗೊಂಬೆಗೆ ಬಣ್ಣ ಬಳಿದಂತಿದೆ ಎನ್ನುತ್ತೀರಿ. ಲಂಗದ ಪಟ್ಟೆಗಳು ಬಟ್ಟೆ ಇಳಿಬಿದ್ದ ಹಾಗೆ ಬಿದ್ದಿಲ್ಲ, ನೆರಿಗೆಗೆ ನೆರಳೇ ಇಲ್ಲ, ಬೆರಳುಗಳನ್ನು ಅರ್ಧಕ್ಕೇ ಕೈಬಿಡಲಾಗಿದೆ ಎನ್ನುತ್ತೀರಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ರವಿವರ್ಮ ಬರೆದ ದೀಪ ಹಿಡಿದ ಹೆಣ್ಣಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ ಎಂದು ಸವಾಲು ಹಾಕುತ್ತೀರಿ. ಕೊನೆಗೆ, ಹೆಂಡತಿಯನ್ನು ಪ್ರೀತಿಸದ ಗಂಡ ಮಾತ್ರ ಹೀಗೆ ಬರೆಯಬಲ್ಲ ಎಂದು ತೀರ್ಪನ್ನೂ ಕೊಟ್ಟಿದ್ದೀರಿ.

ಹೊಲಿಗೆ ಬಲ್ಲವರ ಕಣ್ಣಿಗೆ ಬಿದ್ದ ಆಕ್ಷೇಪಣೆ ನಮಗೆ ಸಿಗುವುದು ಅಪರೂಪ. ಕಲಾವಿಮರ್ಶಕರು ಲಂಗದ ಬಗ್ಗೆ ಬರೆಯುವಾಗಲೂ ಬಟ್ಟೆಯನ್ನು ನೋಡಿರುವುದಿಲ್ಲ. ಆದ್ದರಿಂದ ಉತ್ತರ ಕೊಂಚ ಉದ್ದವಾದರೆ ಸಹಿಸಿಕೊಳ್ಳಬೇಕಾಗಿ ಕೋರುತ್ತೇನೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಅದು ನಿಮ್ಮ ಪಟ್ಟಿಯಲ್ಲಿಲ್ಲ. ಅಡಿಬರಹಕ್ಕೆ ಜಾಗ ಸಾಲದೆ ನಾವು ಚಿತ್ರದ ಎಡಬದಿಯನ್ನೂ ಕೆಳ ಅಂಚನ್ನೂ ಒಂದಿಷ್ಟು ಕತ್ತರಿಸಿದ್ದೆವು. ಹಾಗೆ ಕತ್ತರಿಸಿದಾಗ ಕುರ್ಚಿಯ ತೋಳಿನಿಂದ ಇಳಿಬಿದ್ದಿರುವ ಒಂದು ಕೆಂಪು ಕುಚ್ಚು ಹೊರಟುಹೋಯಿತು. ಸಾಲದ್ದಕ್ಕೆ, ಮೂಲದಲ್ಲಿ ಮಣ್ಣು ಬೆರೆತ ಹಸಿರಾಗಿರುವ ಗೋಡೆ ನಮ್ಮ ಅಚ್ಚಿನಲ್ಲಿ ಬರೀ ಕಂದು ಬಣ್ಣಕ್ಕೆ ತಿರುಗಿತು. ಒಂದು ಕುಚ್ಚು ಹೋದರೆ ಏನು ಮಹಾ ಎಂದು ಬೇರೆಯವರು ಕೇಳಿಯಾರು, ನೀವು ಕೇಳಲಾರಿರಿ. ಕುರ್ಚಿಯ ಉಳಿದ ಕೆಂಪಿನ ಹಿಂದೆ ಹಸಿರು ಗೋಡೆಯಿದೆ. ಈ ಕುಚ್ಚಿನ ಹಿಂದೆ ಮಾತ್ರ ಗೋಡೆ ಮುಗಿದು, ಹಸಿರುಮಿಶ್ರಿತ ನೀಲಿಯ ಅಗಲವಾದ ಪಟ್ಟೆಯೊಂದು ಹಾದುಹೋಗುತ್ತದೆ. ಇಡೀ ಚಿತ್ರದಲ್ಲಿ ಕೆಂಪೂ ನೀಲಿಯೂ ಮುಖಾಮುಖಿ ಜಗಳಕ್ಕೆ ನಿಲ್ಲುವುದು ಅಲ್ಲಿ. ಕುರ್ಚಿಯನ್ನು ನೆಲಕ್ಕೆ ಹಿಡಿದು ನಿಲ್ಲಿಸುವ ತೂಕವೂ ಅದೇ. ಅದಿಲ್ಲದ ನಮ್ಮ ಅಚ್ಚಿನಲ್ಲಿ ಆ ದೊಡ್ಡ ಕೆಂಪು ಮುದ್ದೆ ಎಲ್ಲಿಯೂ ಊರದೆ ತೇಲಿದಂತಾಗಿದ್ದರೆ ಅದು ಸೆಜಾನನ ದೋಷವಲ್ಲ. ನಾನೂ ಮೂಲಚಿತ್ರವನ್ನು ಕಣ್ಣಾರೆ ಕಂಡವನಲ್ಲ. ಅದು ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿದೆ. ನನ್ನ ಮಾತೆಲ್ಲ ಒಳ್ಳೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಆಡಿದ್ದು. ಸುಮಾರು 72 ಸೆಂ.ಮೀ. ಎತ್ತರ, 56 ಸೆಂ.ಮೀ. ಅಗಲದ ಕ್ಯಾನ್ವಾಸ್ ಅದು, ನೀವು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ಬ್ಲೌಸ್ ಪೀಸಿಗಿಂತ ಚಿಕ್ಕದು.

ಇನ್ನು ದೀಪದ ಹೆಣ್ಣಿನ ವಿಚಾರ. ಆ ಚಿತ್ರ ರವಿವರ್ಮನದಲ್ಲ. ಈ ತಪ್ಪನ್ನು ನೀವೊಬ್ಬರೇ ಮಾಡಿದವರಲ್ಲ, ಮೈಸೂರಿಗೆ ಹೋಗಿಬಂದವರಲ್ಲಿ ಅನೇಕರು ಹಾಗೆಯೇ ನಂಬಿದ್ದಾರೆ. ಅದನ್ನು ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರು ಮಾಡಿದ ಎಸ್. ಎಲ್. ಹಲ್ದಂಕರ್, ಜಲವರ್ಣದಲ್ಲಿ, 1940ರ ದಶಕದಲ್ಲಿ. ಅವರೆದುರು ದೀಪ ಹಿಡಿದು ನಿಂತಿದ್ದವರು ಅವರ ಮಗಳೇ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಸೆಜಾನ್ ತೀರಿಕೊಂಡದ್ದೂ ಅದೇ ವರ್ಷ, ಅಕ್ಟೋಬರ್‌ನಲ್ಲಿ. ಆದರೆ ನಿಮ್ಮ ಹೋಲಿಕೆ ತಪ್ಪಲ್ಲ, ಅದು ಬಹಳ ಉಪಯುಕ್ತವಾದ ಹೋಲಿಕೆ. ಎರಡೂ ಮನೆಯೊಳಗಿನ ಹೆಣ್ಣಿನ ಚಿತ್ರಗಳು, ಎರಡರಲ್ಲೂ ಎದುರು ನಿಂತವರು, ಕೂತವರು ಕಲಾವಿದನ ಮನೆಯವರೇ. ಹಲ್ದಂಕರರ ಚಿತ್ರದಲ್ಲಿ ಬೆಳಕಿನ ಮೂಲ ಒಂದೇ. ದೀಪಕ್ಕೆ ಮರೆಯಾಗಿ ಹಿಡಿದ ಅಂಗೈಯ ಬೆರಳಸಂದಿಗಳು ಕೆಂಪಗೆ ಹೊಳೆಯುತ್ತವೆ, ಅಲ್ಲಿಂದ ಕೆನ್ನೆ, ಸೀರೆಯ ಸೆರಗು, ಆಮೇಲೆ ಕತ್ತಲೆ. ಬೆಳಕು ಎಲ್ಲಿಂದ ಹೊರಟು ಎಲ್ಲಿ ಸೋತಿತು ಎಂಬುದನ್ನು ಮಕ್ಕಳೂ ಬೆರಳಿಟ್ಟು ತೋರಿಸಬಲ್ಲರು.

ಸೆಜಾನನ ಚಿತ್ರದಲ್ಲಿ ಹಾಗೆ ಬೆರಳಿಟ್ಟು ತೋರಿಸಲು ಏನೂ ಸಿಗುವುದಿಲ್ಲ. ದೀಪವಿಲ್ಲ, ಕಿಟಕಿಯಿಲ್ಲ, ಒಂದು ಕಡೆಯಿಂದ ಬಿದ್ದು ಇನ್ನೊಂದು ಕಡೆ ನೆರಳು ಮಾಡುವ ಬಿಸಿಲಿಲ್ಲ. ಬೆಳಕು ನೆರಳುಗಳ ನೆರವಿಲ್ಲದೆ ದುಂಡನೆಯ ಮೈಯನ್ನು ತೋರಿಸುವುದು ಹೇಗೆ? ಇದಕ್ಕೆ ಉತ್ತರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬಟ್ಟೆ ಚಪ್ಪಟೆ, ಮೈ ದುಂಡು. ನೀವು ಬಟ್ಟೆಗೆ ನೆರಳು ಬಳಿದು ಅದನ್ನು ದುಂಡಾಗಿಸುವುದಿಲ್ಲ. ತುಂಡು ತುಂಡಾಗಿ ಕತ್ತರಿಸಿ, ಟಕ್ಸ್ ಹಿಡಿದು, ಒಂದರ ಅಂಚಿಗೆ ಇನ್ನೊಂದನ್ನು ಸೇರಿಸಿ ಅದು ತಾನಾಗಿ ತಿರುಗುವಂತೆ ಮಾಡುತ್ತೀರಿ. ಸೆಜಾನ್ ಮಾಡಿದ್ದೂ ಇಂಥದೇ ಕೆಲಸ, ಬಣ್ಣದ ತೇಪೆಗಳಲ್ಲಿ. ಆ ಮುಖವನ್ನು ಮತ್ತೊಮ್ಮೆ ನೋಡಿ: ಕೆನ್ನೆಯ ಮೇಲೆ ಗುಲಾಬಿಯ ಒಂದು ಚೂರು, ಅದಕ್ಕೆ ತಾಗಿ ಹಳದಿ, ದವಡೆ ತಿರುಗುವ ಕಡೆ ತಿಳಿಹಸಿರು. ಬಿಸಿ ಬಣ್ಣ ಮುಂದೆ ಬರುತ್ತದೆ, ತಂಪು ಬಣ್ಣ ಹಿಂದೆ ಸರಿಯುತ್ತದೆ, ಕಣ್ಣಿಗೆ ಕೆನ್ನೆ ತಿರುಗಿದಂತೆ ಕಾಣುತ್ತದೆ. ಆ ಹಸಿರು ಆಕೆಯ ಚರ್ಮದಲ್ಲಿ ಇದ್ದದ್ದಲ್ಲ. ಗೋಡೆಯಿಂದ, ಲಂಗದಿಂದ, ಎದೆಯ ಮೇಲಿನ ರೇಷ್ಮೆಯ ಬೋದಿಂದ ಎರವಲಾಗಿ ಬಂದದ್ದು. ಲಂಗದ ಪಟ್ಟೆಗಳ ಕಥೆಯೂ ಇದೇ. ಅವನ್ನು ಹಳದಿಹಸಿರು, ಹಸಿರುಹಳದಿಗಳ ಚಿಕ್ಕ ಚಿಕ್ಕ ಮಚ್ಚೆಗಳಿಂದ ಕಟ್ಟಲಾಗಿದೆ. ನೆರಿಗೆಯ ಸಂದಿನಲ್ಲಿ ಕಪ್ಪು ತುಂಬಿದ್ದರೆ ಬಟ್ಟೆ ಬಟ್ಟೆಯಂತೆ ಬೀಳುತ್ತಿತ್ತು ನಿಜ, ಆದರೆ ಆ ಕಪ್ಪಿನ ಗುಂಡಿಯಲ್ಲಿ ಪಕ್ಕದ ಬಣ್ಣಗಳೆಲ್ಲ ಮುಳುಗಿಹೋಗುತ್ತಿದ್ದವು. ಬಟ್ಟೆಗೆ ಅನ್ಯಾಯವಾಗಿದೆ ಎಂಬ ನಿಮ್ಮ ದೂರನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮೊಣಕಾಲಿನ ಬಳಿ ಆ ಲಂಗ ಬಟ್ಟೆಗಿಂತ ತಗಡಿನಂತೆ ನಿಲ್ಲುತ್ತದೆ ಎಂದು ನನಗೂ ಅನಿಸುತ್ತದೆ.

ಆದರೆ ಕುರ್ಚಿಯ ವಿಷಯದಲ್ಲಿ ರಾಜಿಯಿಲ್ಲ. ಸೆಜಾನ್ ತೀರಿಕೊಂಡ ಮರುವರ್ಷ, 1907ರಲ್ಲಿ, ಪ್ಯಾರಿಸ್ಸಿನ ಶರತ್ಕಾಲದ ಕಲಾಪ್ರದರ್ಶನದಲ್ಲಿ ಅವನ ಸ್ಮರಣಾರ್ಥ ದೊಡ್ಡದೊಂದು ವಿಭಾಗವನ್ನೇ ಏರ್ಪಡಿಸಿದ್ದರು. ಜರ್ಮನ್ ಭಾಷೆಯ ಕವಿ ರೈನರ್ ಮರಿಯಾ ರಿಲ್ಕೆ ಆಗ ಪ್ಯಾರಿಸ್ಸಿನಲ್ಲಿದ್ದ. ದಿನ ಬಿಟ್ಟು ದಿನ ಎಂಬಂತೆ ಅಲ್ಲಿಗೆ ಹೋಗಿ ನೋಡಿದ್ದನ್ನು ಶಿಲ್ಪಿಯಾಗಿದ್ದ ತನ್ನ ಹೆಂಡತಿ ಕ್ಲಾರಾಗೆ ಪತ್ರಗಳಲ್ಲಿ ಬರೆಯುತ್ತಿದ್ದ. ಪ್ರದರ್ಶನ ಮುಗಿಯುವ ದಿನ, ಅಕ್ಟೋಬರ್ 22ರಂದು, ಅವನು ಬರೆದದ್ದು ಈ ಕೆಂಪು ಕುರ್ಚಿಯ ಬಗ್ಗೆ. ಗೋಡೆಯ ಮೇಲಿನ ನೀಲಿ ಚಿಹ್ನೆಯಿಂದ ಹಿಡಿದು ನಾವು ಕಳೆದುಹಾಕಿದ ಆ ಕುಚ್ಚಿನವರೆಗೆ ಒಂದೊಂದನ್ನೂ ಅವನು ಎಣಿಸುತ್ತಾನೆ. ಕುರ್ಚಿಯನ್ನು ಅವನು ಒಂದು ವ್ಯಕ್ತಿ ಎಂದೇ ಕರೆಯುತ್ತಾನೆ. ಎಷ್ಟೋ ಸಲ ಎದುರು ನಿಂತು ಬಾಯಿಪಾಠ ಮಾಡಿದ್ದರೂ, ಆ ಬಣ್ಣಗಳ ಕೂಟ ಬಹಳ ಅಂಕೆಗಳಿರುವ ಸಂಖ್ಯೆಯಂತೆ ನೆನಪಿನಿಂದ ಜಾರಿಹೋಗುತ್ತಿದೆ ಎಂದು ಕೊರಗುತ್ತಾನೆ. ಈ ಚಿತ್ರದ ಪ್ರತಿಯೊಂದು ಜಾಗಕ್ಕೂ ಉಳಿದೆಲ್ಲ ಜಾಗಗಳ ಅರಿವಿದ್ದಂತಿದೆ ಎಂಬ ಅರ್ಥದ ಅವನ ಮಾತನ್ನು ನಾನು ಇಲ್ಲಿಯವರೆಗೆ ಲಂಗ, ಕೆನ್ನೆ ಎಂದು ಬಿಡಿಸಿ ಹೇಳುತ್ತಿದ್ದೇನೆ, ಅಷ್ಟೆ. ಭಾವಚಿತ್ರ ಎಂದರೆ ಮುಖದಲ್ಲಿ ಭಾವ, ಉಳಿದದ್ದು ಹಿನ್ನೆಲೆ ಎಂಬುದು ನಮ್ಮ ರೂಢಿ. ಇಲ್ಲಿ ಮುಖ, ಕುರ್ಚಿ, ಗೋಡೆಯ ಕಾಗದ ಮೂವರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದಾರೆ. ಮುಖದಲ್ಲಿ ಭಾವವಿಲ್ಲ ಎಂದು ನಿಮಗೆ ಅನಿಸಿದ್ದರೆ, ಅದನ್ನು ಕ್ಯಾನ್ವಾಸಿನ ಎಲ್ಲ ಮೂಲೆಗಳಿಗೂ ಹಂಚಿಬಿಟ್ಟಿರುವುದು ಅದಕ್ಕೆ ಕಾರಣ.

ಬೆರಳುಗಳ ವಿಷಯಕ್ಕೆ ಬರುತ್ತೇನೆ. 1899ರಲ್ಲಿ ಸೆಜಾನ್ ತನ್ನ ಚಿತ್ರಗಳ ವ್ಯಾಪಾರಿ ಆಂಬ್ರುವಾಸ್ ವೊಲಾರನ ಭಾವಚಿತ್ರವನ್ನು ಬರೆದ. ವೊಲಾರನೇ ಹೇಳಿಕೊಂಡಿರುವಂತೆ ಅವನನ್ನು 115 ಸಲ ಕೂರಿಸಲಾಯಿತು. ಅಷ್ಟಾದರೂ ಕೈಯ ಮೇಲೆ ಎರಡು ಕಡೆ ಚುಕ್ಕೆಯಷ್ಟು ಜಾಗ ಬಣ್ಣ ಕಾಣದೆ ಉಳಿದಿತ್ತು. ವೊಲಾರ್ ಅದನ್ನು ತೋರಿಸಿದಾಗ, ಸರಿಯಾದ ಬಣ್ಣ ಹೊಳೆಯದೆ ಅಲ್ಲಿ ಏನಾದರೂ ಬಳಿದರೆ ಆ ಚುಕ್ಕೆಯಿಂದಲೇ ಶುರುಮಾಡಿ ಇಡೀ ಚಿತ್ರವನ್ನು ಮತ್ತೆ ಬರೆಯಬೇಕಾಗುತ್ತದೆ ಎಂಬ ಉತ್ತರ ಬಂತು. ಒಂದು ಹೊಲಿಗೆ ಬಿಚ್ಚಿದರೆ ಇಡೀ ತೋಳನ್ನೇ ಬಿಚ್ಚಬೇಕಾಗಿ ಬರುವ ಸಂದರ್ಭ ನಿಮಗೆ ಹೊಸದಲ್ಲ. ಆ ಚಿತ್ರವನ್ನು ಕೊನೆಗೆ ಕೈಬಿಡುವಾಗ ಸೆಜಾನ್ ಆಡಿದನೆನ್ನಲಾದ ಮಾತನ್ನು ನಿಮಗೆ ಹೇಳದೆ ಇರಲಾರೆ: ಅಂಗಿಯ ಮುಂಭಾಗದ ಬಗ್ಗೆ ತನಗೆ ಅಸಮಾಧಾನವಿಲ್ಲ ಎಂದನಂತೆ. ಮದಾಮ್ ಸೆಜಾನಳ ಮಡಿಲಲ್ಲಿ ಒಂದರೊಳಗೊಂದು ಹೆಣೆದುಕೊಂಡ ಬೆರಳುಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಉಗುರು, ಗೆಣ್ಣು ಬರೆಯಲು ಬಾರದವನ ಕೈಯಲ್ಲ ಅದು. ಗೊತ್ತಾಗುವ ಮುನ್ನವೇ ಮುಗಿಸಿಬಿಡಲು ಒಪ್ಪದವನ ಕೈ.

ಇದೇ ವೊಲಾರ್ ಒಮ್ಮೆ ಕುಳಿತಲ್ಲೇ ತೂಕಡಿಸಿ ಕುರ್ಚಿಸಮೇತ ಉರುಳಿಬಿದ್ದನಂತೆ. ಆಗ ಸೆಜಾನ್ ರೇಗಿ, ಸೇಬುಹಣ್ಣಿನ ಹಾಗೆ ಕೂರಬೇಕು ಎಂದು ಹೇಳಿರಲಿಲ್ಲವೇ, ಸೇಬು ಅಲುಗಾಡುತ್ತದೆಯೇ ಎಂದು ಗದರಿಕೊಂಡನಂತೆ. ವ್ಯಾಪಾರಿಗೆ ಕೂರುವುದರಲ್ಲಿ ಲಾಭವಿತ್ತು. ಹೆಂಡತಿಗೆ? ಆಕೆಯನ್ನು ಅವನು 20 ವರ್ಷಗಳ ಆಸುಪಾಸಿನಲ್ಲಿ ತೈಲವರ್ಣದಲ್ಲೇ 29 ಸಲ ಬರೆದಿದ್ದಾನೆ. ಪೆನ್ಸಿಲ್ಲಿನ ರೇಖಾಚಿತ್ರಗಳು ಬೇರೆ.

ನಿಮ್ಮ ಪತ್ರ ಬಂದ ವಾರ ನಮ್ಮ ಕಚೇರಿಯಲ್ಲಿ ಒಂದು ಸಣ್ಣ ಪರೀಕ್ಷೆ ನಡೆಯಿತು. ನಮಗೆ ರೇಖಾಚಿತ್ರ ಬರೆದುಕೊಡುವ ಕಲಾವಿದರು, ಕರಡು ತಿದ್ದುವ ಸಹೋದ್ಯೋಗಿಯೊಬ್ಬರನ್ನು ಮಧ್ಯಾಹ್ನದ ಬಿಡುವಿನಲ್ಲಿ ಅಲುಗಾಡದೆ ಕೂರಲು ಕೇಳಿಕೊಂಡರು. ಕಚೇರಿಯಲ್ಲಿ ಅವರಷ್ಟು ನಗುವವರು ಇನ್ನೊಬ್ಬರಿಲ್ಲ. ಮೊದಲ ಐದು ನಿಮಿಷ ನಗು ಇತ್ತು. ಹತ್ತನೆಯ ನಿಮಿಷಕ್ಕೆ ತುಟಿಯ ತುದಿಗಳು ತಾವಾಗಿ ಇಳಿದವು. ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಕಣ್ಣು ಕಿಟಕಿಯ ಸರಳೊಂದರ ಮೇಲೆ ನೆಟ್ಟು, ಬೆರಳುಗಳು ಮಡಿಲಲ್ಲಿ ಹೆಣೆದುಕೊಂಡು, ಮುಖ ಒಂದು ಬಗೆಯ ಗಟ್ಟಿತನಕ್ಕೆ ಬಂದಿತ್ತು. ಏನು ಯೋಚಿಸುತ್ತಿದ್ದಿರಿ ಎಂದು ಆಮೇಲೆ ಕೇಳಿದರೆ, ಬೆನ್ನು ನೋಯುತ್ತಿತ್ತು, ಬೇರೇನೂ ಇಲ್ಲ ಎಂದರು. ಸಿಟ್ಟು, ಬೇಸರ, ವಿರಹ ಎಂದು ನಾವು ಆ ಮುಖಕ್ಕೆ ಏನು ಬೇಕಾದರೂ ಅಂಟಿಸಬಹುದಿತ್ತು. ಮದಾಮ್ ಸೆಜಾನಳ ಮುಖವನ್ನು ಕುರಿತು ನೂರು ವರ್ಷಗಳಿಂದ ನಡೆದಿರುವುದು ಹೆಚ್ಚುಕಡಿಮೆ ಅದೇ.

ಆಕೆಯ ಹೆಸರು ಓರ್ತಾನ್ಸ್ ಫಿಕೆ. ಹುಟ್ಟಿದ್ದು 1850ರಲ್ಲಿ, ಫ್ರಾನ್ಸಿನ ಪೂರ್ವಭಾಗದ ಜೂರಾ ಪ್ರದೇಶದ ಹಳ್ಳಿಯೊಂದರಲ್ಲಿ. ಪ್ಯಾರಿಸ್ಸಿನಲ್ಲಿ ಪುಸ್ತಕ ಹೊಲಿದು ಕಟ್ಟುವ ಕೆಲಸ ಮಾಡುತ್ತಿದ್ದಳು, ಬಿಡುವಿನಲ್ಲಿ ಕಲಾವಿದರಿಗೆ ರೂಪದರ್ಶಿಯಾಗಿ ಕೂರುತ್ತಿದ್ದಳು. ಸೆಜಾನನ ಪರಿಚಯವಾದದ್ದು 1869ರ ಸುಮಾರಿಗೆ. 1872ರಲ್ಲಿ ಮಗ ಹುಟ್ಟಿದ. ಮದುವೆಯಾದದ್ದು 1886ರಲ್ಲಿ, ಮಗನಿಗೆ 14 ವರ್ಷವಾಗಿದ್ದಾಗ. ಇಷ್ಟು ತಡವಾಗಲು ಕಾರಣ ಸೆಜಾನನ ತಂದೆ. ಟೋಪಿ ವ್ಯಾಪಾರದಿಂದ ಬ್ಯಾಂಕಿನ ಒಡೆತನಕ್ಕೇರಿದ ಆ ಮನುಷ್ಯ ದಕ್ಷಿಣದ ಎಕ್ಸ್ ಪಟ್ಟಣದಲ್ಲಿ ಕುಳಿತು ಮಗನಿಗೆ ತಿಂಗಳ ಖರ್ಚಿಗೆ ಹಣ ಕಳಿಸುತ್ತಿದ್ದ. ಸೊಸೆ, ಮೊಮ್ಮಗ ಇದ್ದಾರೆಂದು ತಿಳಿದರೆ ಆ ಹಣ ನಿಲ್ಲುತ್ತದೆ ಎಂಬ ಭಯ ನಲವತ್ತರ ಹತ್ತಿರ ಬಂದಿದ್ದ ಮಗನಿಗೆ.

ನಾವು ಅಚ್ಚು ಹಾಕಿದ ಚಿತ್ರ 1877ರ ಸುಮಾರಿನದು. ಆ ಹಸಿರು ಗೋಡೆಯ ಮೇಲೆ ಅಲ್ಲೊಂದು ಇಲ್ಲೊಂದು ಕಾಣುವ, ನಡುವೆ ಖಾಲಿ ಬಿಟ್ಟ ಶಿಲುಬೆಯಂತಹ ನೀಲಿ ಚಿಹ್ನೆ, ಪ್ಯಾರಿಸ್ಸಿನ ರೂ ದ ಲುವೆಸ್ತ್ ಎಂಬ ಬೀದಿಯಲ್ಲಿ ಅವರಿದ್ದ ಬಾಡಿಗೆ ಮನೆಯ ಗೋಡೆಕಾಗದದ್ದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸೆಜಾನ್ ಕಾಲ ನಮೂದಿಸದ ಹಲವು ಚಿತ್ರಗಳ ಕಾಲವನ್ನು ಹೇಳಲು ಆ ಕಾಗದವೇ ಸಾಕ್ಷಿ. ಅಂದರೆ ಆಕೆ ಕುಳಿತಿರುವುದು ಗಂಡನ ಮನೆಯವರಿಗೆ ಇದೆಯೆಂದೇ ಗೊತ್ತಿಲ್ಲದ ಮನೆಯಲ್ಲಿ. ಮರುವರ್ಷ ಗುಟ್ಟು ಒಡೆಯಿತು. ಚಿತ್ರಸಂಗ್ರಾಹಕ ವಿಕ್ತೋರ್ ಶೋಕೆ ಸೆಜಾನನಿಗೆ ಬರೆದ ಪತ್ರದಲ್ಲಿ ‘ಮದಾಮ್ ಸೆಜಾನ್ ಮತ್ತು ಪುಟ್ಟ ಪಾಲ್’ ಎಂದಿತ್ತು, ಆ ಪತ್ರವನ್ನು ತಂದೆ ಒಡೆದು ಓದಿದ. ತಿಂಗಳ 200 ಫ್ರಾಂಕ್ 100ಕ್ಕೆ ಇಳಿಯಿತು. ಆಗ ಸೆಜಾನ್ ಮೊರೆಹೋದದ್ದು ಬಾಲ್ಯದ ಗೆಳೆಯ, ಕಾದಂಬರಿಕಾರ ಎಮಿಲ್ ಜೋಲಾನನ್ನು. ಓರ್ತಾನ್ಸಳಿಗೆ ತಿಂಗಳಿಗೆ 60 ಫ್ರಾಂಕ್ ಕಳಿಸಿಕೊಡು ಎಂದು ಬರೆದ, ಜೋಲಾ ಕಳಿಸಿದ. ಹೆಂಡತಿ ಎಂದು ಹೇಳಿಕೊಳ್ಳಲಾಗದವಳನ್ನು ಕೆಂಪು ಸಿಂಹಾಸನದಂತಹ ಕುರ್ಚಿಯಲ್ಲಿ ಕೂರಿಸಿ ಬರೆಯುವುದಕ್ಕೆ ಪ್ರೀತಿ ಎನ್ನಬೇಕೋ ಅಪರಾಧಪ್ರಜ್ಞೆ ಎನ್ನಬೇಕೋ ನೀವು ಹೇಳಿ. ಪ್ರೀತಿಯಿಲ್ಲ ಎಂದು ಮಾತ್ರ ಅಷ್ಟು ಸಲೀಸಾಗಿ ಹೇಳಲಾಗದು.

ದಾಂಪತ್ಯ ಸುಖವಾಗಿತ್ತು ಎಂದು ನಾನು ವಾದಿಸುತ್ತಿಲ್ಲ. ವರ್ಷಗಳು ಕಳೆದಂತೆ ಅವರು ಬಹುಪಾಲು ಬೇರೆಬೇರೆಯಾಗಿಯೇ ಬದುಕಿದರು. ಆತ ಎಕ್ಸ್‌ನಲ್ಲಿ, ಆಕೆ ಮಗನೊಂದಿಗೆ ಪ್ಯಾರಿಸ್ಸಿನಲ್ಲಿ. ಸೆಜಾನನ ಗೆಳೆಯರಿಗೆ ಆಕೆ ಹಿಡಿಸುತ್ತಿರಲಿಲ್ಲ, ಚರಿತ್ರಕಾರರು ಆ ಗೆಳೆಯರ ಮಾತನ್ನೇ ಮುಂದುವರಿಸಿದರು. ಗಂಡನಿಗೆ ಸಾವು ಹತ್ತಿರವಾಗಿದೆ ಎಂದು ತಂತಿ ಬಂದಾಗ ದರ್ಜಿಯ ಬಳಿ ಉಡುಪಿನ ಅಳತೆ ನೋಡಿಸುವುದಿತ್ತೆಂದು ಆಕೆ ಹೊರಡುವುದನ್ನು ಮುಂದೂಡಿದಳು ಎಂಬ ಕಥೆಯಂತೂ ಬಹಳ ಪ್ರಸಿದ್ಧ. ಇಂಥ ಕಥೆಗಳನ್ನು ನಾನು ಸಂಶಯದಿಂದಲೇ ನೋಡುತ್ತೇನೆ. ಸೇಬುಹಣ್ಣಿನಂತೆ ಕೂತವಳನ್ನು ಮೊದಲು ಭಾವಹೀನಳೆಂದರು, ಆಮೇಲೆ ಆ ಭಾವಹೀನತೆಗೆ ಒಪ್ಪುವ ಕಥೆಗಳನ್ನು ಪೋಣಿಸಿದರು. ಕೆಂಪು ಕುರ್ಚಿಯ ಚಿತ್ರದ ಕಾಲದಲ್ಲೇ ಸೆಜಾನ್ ಆಕೆ ಹೊಲಿಗೆಯ ಮೇಲೆ ಬಾಗಿ ಕುಳಿತಿರುವುದನ್ನೂ ಬರೆದಿದ್ದಾನೆ, ಅದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿದೆ. ಆ ಚಿತ್ರವನ್ನು ನೋಡಿದ ಯಾರೂ ಮುಖದಲ್ಲಿ ಭಾವವಿಲ್ಲ ಎಂದು ದೂರುವುದಿಲ್ಲ, ಏಕೆಂದರೆ ಕೈಯಲ್ಲಿ ಸೂಜಿಯಿದೆ. ಹೆಂಗಸೊಬ್ಬಳು ಮನೆಯಲ್ಲಿ ಯಾವ ಕೆಲಸವನ್ನೂ ಮಾಡದೆ, ಯಾರನ್ನೂ ಮೆಚ್ಚಿಸದೆ ಸುಮ್ಮನೆ ಕುಳಿತಿರುವುದು ನಮಗೆ ಇಷ್ಟೊಂದು ಕಸಿವಿಸಿ ಮಾಡುತ್ತದಲ್ಲ ಎಂಬುದು ನನ್ನ ಆಶ್ಚರ್ಯ.

ಈ ಗಟ್ಟಿ ಮುಖ ಮುಂದಿನವರಿಗೆ ಹಾಕಿಕೊಟ್ಟ ದಾರಿಯ ಬಗ್ಗೆ ಬರೆಯಹೊರಟರೆ ಇನ್ನೊಂದು ಲೇಖನವಾದೀತು. ಬೀಸಣಿಗೆ ಹಿಡಿದ ಮದಾಮ್ ಸೆಜಾನಳ ಚಿತ್ರವೊಂದು ಪ್ಯಾರಿಸ್ಸಿನಲ್ಲಿ ಲೇಖಕಿ ಗರ್ಟ್ರೂಡ್ ಸ್ಟೈನ್ ಮತ್ತು ಆಕೆಯ ಅಣ್ಣನ ಮನೆಯ ಗೋಡೆಯ ಮೇಲಿತ್ತು. ಆ ಮನೆಗೆ ಬಂದುಹೋಗುತ್ತಿದ್ದ ಪಿಕಾಸೊ 1906ರಲ್ಲಿ ಮುಗಿಸಿದ ಗರ್ಟ್ರೂಡಳ ಭಾವಚಿತ್ರದಲ್ಲಿ ಮುಖ ಮುಖವಾಡದಂತಾಯಿತು ಎಂದಷ್ಟೇ ಹೇಳಿ ನಿಲ್ಲಿಸುತ್ತೇನೆ.

ಮುಂದಿನ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ಈ ಚಿತ್ರವನ್ನು ಯಾವ ಅಂಚನ್ನೂ ಕತ್ತರಿಸದೆ, ಕುಚ್ಚಿನ ಸಮೇತ, ಮತ್ತೆ ಅಚ್ಚು ಹಾಕುತ್ತಿದ್ದೇವೆ. ಗೋಡೆಯ ಹಸಿರು ಸರಿಯಾಗಿ ಬರುವವರೆಗೆ ಪುಟ ಬಿಡುವುದಿಲ್ಲ ಎಂದು ಮುದ್ರಣದವರಿಗೆ ತಿಳಿಸಿದ್ದೇನೆ. ಅದನ್ನು ಗೋಡೆಗೆ ಅಂಟಿಸಿ, ಕೋಣೆಯ ಇನ್ನೊಂದು ತುದಿಯಿಂದ ಒಮ್ಮೆ ನೋಡಿ. ಅಷ್ಟು ದೂರದಿಂದಲೂ ಲಂಗ ತಗಡಿನಂತೆಯೇ ಕಂಡರೆ ದಯವಿಟ್ಟು ಮತ್ತೆ ಬರೆಯಿರಿ, ಪ್ರಕಟಿಸುತ್ತೇವೆ. ಹಾಗೆ ಬರೆಯುವಾಗ ಇನ್ನೊಂದು ಉಪಕಾರವನ್ನೂ ಮಾಡಬೇಕು. ಆಕೆಯ ನೀಲಿಬೂದು ಜಾಕೀಟಿನ ಎದೆಯ ಮೇಲಿರುವ ಆ ರೇಷ್ಮೆಯ ಬೋ ಪಟ್ಟಿಯನ್ನು ಎಳೆದು ಗಂಟು ಹಾಕಿದ್ದೋ, ಮೊದಲೇ ಕಟ್ಟಿ ಹೊಲಿದು ಸೇರಿಸಿದ್ದೋ ಎಂದು ನಮ್ಮ ಕಚೇರಿಯಲ್ಲಿ ಎರಡು ಪಕ್ಷಗಳಾಗಿವೆ. ಗಂಟು ಹಾಕಿದ್ದೆಂಬುದು ನನ್ನ ಪಕ್ಷ. ನಿಮ್ಮ ಅಭಿಪ್ರಾಯವನ್ನು ತಿಳಿಸಿ.

— ಸಂಪಾದಕ